ನೋವರಿಯದ ಕಾಲಿಗೆ ಕಣ್ಣೇ ಕಾವಲು

ನೋವಿಲ್ಲದ ಬಾಳನ್ನು ಬಯಸದವರು ಯಾರು? ತಲೆನೋವಿಗೊಂದು ಗುಳಿಗೆ, ಹಲ್ಲುನೋವಿಗೊಂದು ಲವಂಗ, ಸೊಂಟನೋವಿಗೊಂದು ತೈಲ. ಹೀಗೆ ಪ್ರತಿಯೊಂದು ಮನೆಯ ಗೋಡೆಗೂಡಿನಲ್ಲಿಯೂ ನೋವನ್ನು ಅಟ್ಟುವ ಸಾಮಗ್ರಿ ಸಿದ್ಧವಾಗಿರುತ್ತದೆ. ದೇವರ ಮುಂದೆ ಕೈಮುಗಿದು ನಿಂತವನು ಬೇಡುವ ವರಗಳಲ್ಲಿಯೂ ಮೊದಲನೆಯದು ಬಹುಶಃ ಇದೇ. ಆದರೆ ನೋವೆಂದರೇನೆಂದು ಅರಿಯದ ಕೈಕಾಲುಗಳನ್ನು ಹೊತ್ತು ಬದುಕುವ ಜನರೂ ಈ ಲೋಕದಲ್ಲಿದ್ದಾರೆ. ಅವರ ಪಾಡನ್ನು ಹತ್ತಿರದಿಂದ ಕಂಡವರು ಆ ವರವನ್ನು ಮತ್ತೆ ಬೇಡುವ ಮುನ್ನ ತುಸು ತಡೆದು ಯೋಚಿಸುತ್ತಾರೆ.

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲುದಾರಿಯಲ್ಲಿ ಕಾಟ್ಪಾಡಿ ಎಂಬ ನಿಲ್ದಾಣವಿದೆ. ಅಲ್ಲಿ ಇಳಿಯುವವರಲ್ಲಿ ಹಲವರು ಊರು ನೋಡಲು ಬಂದವರಲ್ಲ. ವೈದ್ಯರ ಚೀಟಿಗಳ ಕಟ್ಟನ್ನು ಕಂಕುಳಲ್ಲಿರಿಸಿಕೊಂಡು, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಅರಸಿ ಬಂದವರು. ‘ಒಮ್ಮೆ ವೆಲ್ಲೂರಿಗೆ ಕರೆದುಕೊಂಡು ಹೋಗಿ ತೋರಿಸಿ’ ಎಂಬ ಮಾತು ಎಷ್ಟೋ ಕನ್ನಡ ಮನೆಗಳಲ್ಲಿ ಕೊನೆಯ ಆಸೆಯ ಮಾತಾಗಿ ಕೇಳಿಬಂದಿದೆ. ಅಮೆರಿಕದ ಮಿಷನರಿ ಮನೆತನದಲ್ಲಿ ಹುಟ್ಟಿದ ಡಾಕ್ಟರ್ ಐಡಾ ಸ್ಕಡರ್ ೧೯೦೦ರಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯವಾಗಿ ತೊಡಗಿದ ಸೇವೆ ಅಲ್ಲಿ ಆಲದಂತೆ ಬೆಳೆಯಿತು. ೧೯೧೮ರಲ್ಲಿ ಆಕೆ ಹೆಣ್ಣುಮಕ್ಕಳಿಗಾಗಿ ವೈದ್ಯಶಾಲೆಯೊಂದನ್ನು ತೆರೆದಳು. ಮುಂದೆ ಅದೇ ದೊಡ್ಡ ಕಾಲೇಜಾಯಿತು.

ಆ ಕಾಲೇಜಿಗೆ ೧೯೪೬ರಲ್ಲಿ ಪಾಲ್ ಬ್ರಾಂಡ್ ಎಂಬ ತರುಣ ಶಸ್ತ್ರವೈದ್ಯ ಬಂದ. ಆತ ಹೆಸರಿಗೆ ಆಂಗ್ಲನಾದರೂ ಹುಟ್ಟಿದ್ದು ತಮಿಳುನಾಡಿನ ಕೊಲ್ಲಿಮಲೆಯಲ್ಲಿ, ಮಿಷನರಿ ದಂಪತಿಗಳ ಮಗನಾಗಿ. ವೆಲ್ಲೂರಿನ ಸುತ್ತಣ ಸೀಮೆಯಲ್ಲಿ ಆಗ ಕುಷ್ಠರೋಗಿಗಳ ಸಂಖ್ಯೆ ಬಹಳ. ಬೆರಳುಗಳು ಮಡಚಿಕೊಂಡು ಹಕ್ಕಿಯ ಪಂಜದಂತಾದ ಕೈ, ಮೊಂಡಾದ ಕಾಲು, ಆರದ ಹುಣ್ಣು. ಇವನ್ನು ಹೊತ್ತು ಊರ ಹೊರಗೆ ಬದುಕುತ್ತಿದ್ದ ಆ ಜನರನ್ನು ಮುಟ್ಟುವವರಿರಲಿಲ್ಲ. ರೋಗವು ಮಾಂಸವನ್ನೇ ಕೊಳೆಯಿಸಿ ಉದುರಿಸುತ್ತದೆಂದು ಜನರು ನಂಬಿದ್ದರು. ವೈದ್ಯರಲ್ಲಿಯೂ ಹಲವರು ಹಾಗೆಯೇ ತಿಳಿದಿದ್ದರು. ಶಸ್ತ್ರವೈದ್ಯರು ಅತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕೊಳೆಯುವ ಕೈಯನ್ನು ಕತ್ತರಿಸಿ ಹೊಲಿದು ಫಲವೇನು?

ಒಂದು ದಿನ ತುಕ್ಕು ಹಿಡಿದ ಬೀಗವೊಂದನ್ನು ತೆರೆಯಲು ಬ್ರಾಂಡ್ ಹೆಣಗುತ್ತಿದ್ದ. ಕೀಲಿಕೈ ತಿರುಗಲೊಲ್ಲದು. ಬಳಿಯಲ್ಲಿದ್ದ ರೋಗಿ ಹುಡುಗನೊಬ್ಬ ‘ಕೊಡಿ’ ಎಂದು ಕೈಗೆ ತೆಗೆದುಕೊಂಡು ಒಂದೇ ಏಟಿಗೆ ತಿರುಗಿಸಿಬಿಟ್ಟ. ಈ ಬಡಕಲು ಹುಡುಗನಿಗೆ ಇಷ್ಟು ಬಲವೆಲ್ಲಿಂದ ಬಂತೆಂದು ವೈದ್ಯ ಬೆರಗಾಗಿ ನೋಡುತ್ತಿರುವಂತೆಯೇ ನೆಲದ ಮೇಲೆ ರಕ್ತದ ಹನಿ ಬಿತ್ತು. ಕೀಲಿಕೈಯ ಅಂಚು ಬೆರಳನ್ನು ಎಲುಬಿನವರೆಗೂ ಸೀಳಿತ್ತು. ಹುಡುಗನಿಗೆ ಅದರ ಅರಿವೇ ಇರಲಿಲ್ಲ. ಅವನಲ್ಲಿ ಕಂಡದ್ದು ಬಲವಲ್ಲ, ‘ಸಾಕು, ನಿಲ್ಲಿಸು’ ಎಂದು ಹೇಳುವ ನೋವಿನ ಅಭಾವ. ವೈದ್ಯನಿಗೆ ಕಣ್ಣು ತೆರೆದಂತಾಯಿತು. ಕುಷ್ಠವು ಬೆರಳನ್ನು ತಿನ್ನುವುದಿಲ್ಲ, ನರಗಳನ್ನು ಮರಗಟ್ಟಿಸುತ್ತದೆ. ಬೆರಳನ್ನು ಕಳೆಯುವುದು ಒಲೆಯ ಮೇಲಣ ಪಾತ್ರೆಯ ಬಿಸಿ, ಗುದ್ದಲಿಯ ಒರಟು ಹಿಡಿ, ಚಪ್ಪಲಿಯೊಳಗೆ ಸಿಕ್ಕ ಮೊಳೆ.

ಹಾಗಿದ್ದರೂ ಒಂದು ಸಂಗತಿ ಒಗಟಾಗಿಯೇ ಉಳಿದಿತ್ತು. ರಾತ್ರಿ ಮಲಗುವಾಗ ಇದ್ದ ಬೆರಳ ತುದಿ ಬೆಳಗಾಗುವಷ್ಟರಲ್ಲಿ ಇಲ್ಲವಾಗುತ್ತಿತ್ತು. ಎಚ್ಚರದಿಂದ ಕಾದು ನೋಡಿದಾಗ ಕಳ್ಳ ಸಿಕ್ಕಿದ. ಇಲಿಗಳು ರಾತ್ರಿ ಬಂದು ನಿದ್ರಿಸುವವರ ಬೆರಳುಗಳನ್ನು ಕಡಿಯುತ್ತಿದ್ದವು! ನೋವರಿಯದವನಿಗೆ ಎಚ್ಚರವಾಗುವುದಾದರೂ ಹೇಗೆ? ಆಮೇಲೆ ವೆಲ್ಲೂರಿನಿಂದ ಮನೆಗೆ ಮರಳುವ ರೋಗಿಗಳಿಗೆ ಔಷಧದೊಡನೆ ಒಂದು ಬೆಕ್ಕಿನಮರಿಯನ್ನೂ ಕೊಟ್ಟು ಕಳುಹಿಸುವ ಪದ್ಧತಿ ಬಂದಿತು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಇಷ್ಟು ಸರಳವಾದ ಚಿಕಿತ್ಸೆ ಮತ್ತೊಂದಿರಲಾರದು.

ಈ ಶೋಧನೆಯ ಜೊತೆಗೆ ಇನ್ನೊಂದು ಶುಭವಾರ್ತೆಯೂ ಹೊರಬಿದ್ದಿತು. ಮರಗಟ್ಟಿದ ಮಾಂಸವು ಸತ್ತ ಮಾಂಸವಲ್ಲ. ಅದರಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ. ಗಾಯಕ್ಕೆ ಪ್ಲಾಸ್ಟರಿನ ಕಟ್ಟು ಹಾಕಿ, ಮತ್ತೆ ಪೆಟ್ಟು ತಗಲದಂತೆ ಕಾಪಾಡಿದರೆ ಎಲ್ಲರ ಗಾಯದಂತೆ ಅದೂ ಮಾಯುತ್ತದೆ. ಆದ್ದರಿಂದ ರೋಗಿಗಳಿಗೆ ಹೊಸ ದಿನಚರಿಯೊಂದನ್ನು ಕಲಿಸಲಾಯಿತು. ಪ್ರತಿದಿನವೂ ಕೈಕಾಲುಗಳನ್ನು ನೀರಿನಲ್ಲಿ ನೆನೆಸಿ, ಎಣ್ಣೆ ಸವರಿ, ಅಂಗೈ ಅಂಗಾಲುಗಳನ್ನು ತಿರುಗಿಸಿ ತಿರುಗಿಸಿ ನೋಡಬೇಕು. ಎಲ್ಲಿಯಾದರೂ ಕೆಂಪಾಗಿದೆಯೇ, ಬೊಬ್ಬೆ ಎದ್ದಿದೆಯೇ, ಮುಳ್ಳು ಹೊಕ್ಕಿದೆಯೇ? ನೋವು ಮಾಡಬೇಕಾದ ಕಾವಲನ್ನು ಇನ್ನು ಮುಂದೆ ಕಣ್ಣು ಮಾಡಬೇಕು. ಇಂದು ಕುಷ್ಠರೋಗ ಪೂರ್ತಿಯಾಗಿ ಗುಣವಾಗುವ ಕಾಯಿಲೆ. ೧೯೮೦ರ ದಶಕದಿಂದ ಬಳಕೆಗೆ ಬಂದ ಬಹುವಿಧ ಔಷಧಗಳ ಚಿಕಿತ್ಸೆ ಅದನ್ನು ಸಾಧಿಸಿದೆ. ಆದರೂ ಔಷಧಕ್ಕೆ ಮುನ್ನವೇ ನರಗಳನ್ನು ಕಳೆದುಕೊಂಡವರಿಗೆ ಈ ದಿನಚರಿ ಇಂದಿಗೂ ತಪ್ಪಿಲ್ಲ.

ವೆಲ್ಲೂರಿನ ಅದೇ ಕಾಲೇಜಿನಲ್ಲಿ ಮೇರಿ ವರ್ಗೀಸ್ ಎಂಬ ತರುಣಿ ವೈದ್ಯವಿದ್ಯೆಯನ್ನು ಕಲಿತಳು. ೧೯೨೫ರಲ್ಲಿ ಕೊಚ್ಚಿಯ ಬಳಿಯ ಚೆರಾಯಿಯಲ್ಲಿ, ಅನುಕೂಲಸ್ಥ ಸಿರಿಯನ್ ಕ್ರೈಸ್ತ ಮನೆತನದಲ್ಲಿ ಹುಟ್ಟಿದವಳು. ಪ್ರಸೂತಿಶಾಸ್ತ್ರದಲ್ಲಿ ಮುಂದುವರಿಯಬೇಕೆಂಬುದು ಆಕೆಯ ಹಂಬಲ. ಬಾಣಂತಿಯರ ನಡುವೆ, ಹಸುಗೂಸುಗಳ ನಡುವೆ ಬಾಳನ್ನು ಕಳೆಯುವುದಕ್ಕಿಂತ ಹೆಚ್ಚಿನ ಸಾರ್ಥಕ್ಯ ಯಾವುದಿದ್ದೀತು?

೧೯೫೪ರ ಜನವರಿಯಲ್ಲಿ ಆಸ್ಪತ್ರೆಯ ಕೆಲವು ತರುಣ ವೈದ್ಯರು ಒಂದು ದಿನದ ವಿಹಾರಕ್ಕೆಂದು ವಾಹನವೊಂದರಲ್ಲಿ ಹೊರಟರು. ಮೇರಿಯೂ ಅವರಲ್ಲಿ ಒಬ್ಬಳು. ದಾರಿಯಲ್ಲಿ ಬಸ್ಸೊಂದನ್ನು ಹಿಂದೆ ಹಾಕುವ ಯತ್ನದಲ್ಲಿ ವಾಹನ ಉರುಳಿಬಿದ್ದಿತು. ಆಕೆಯ ಮುಖಕ್ಕೆ ಬಲವಾದ ಪೆಟ್ಟು ತಗುಲಿತ್ತು. ಆದರೆ ಅದಕ್ಕಿಂತ ಘೋರವಾದ ಗಾಯ ಹೊರಗೆ ಕಾಣಿಸುವಂಥದಾಗಿರಲಿಲ್ಲ. ಬೆನ್ನುಹುರಿ ಜಜ್ಜಿಹೋಗಿತ್ತು. ಸೊಂಟದಿಂದ ಕೆಳಗೆ ಚಲನೆಯಿಲ್ಲ, ಸ್ಪರ್ಶವಿಲ್ಲ, ಬಿಸಿ ತಣ್ಣಗೆಗಳ ಅರಿವಿಲ್ಲ. ಆಗಿನ್ನೂ ಆಕೆಗೆ ಇಪ್ಪತ್ತೊಂಬತ್ತು ತುಂಬಿರಲಿಲ್ಲ. ಸ್ವತಃ ವೈದ್ಯೆಯಾದ್ದರಿಂದ ಇದರ ಅರ್ಥವೇನೆಂಬುದನ್ನು ಯಾರೂ ಆಕೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೆನ್ನುಹುರಿಗೆ ಪೆಟ್ಟಾದವರು ಹಿಂದೆಲ್ಲ ಬಹುಕಾಲ ಬದುಕುತ್ತಿರಲಿಲ್ಲ. ಅವರನ್ನು ಕೊಲ್ಲುತ್ತಿದ್ದುದು ಬೆನ್ನಿನ ಪೆಟ್ಟಲ್ಲ, ಹಾಸಿಗೆಹುಣ್ಣು ಮತ್ತು ಮೂತ್ರಕೋಶದ ಸೋಂಕು. ಆರೋಗ್ಯವಂತನು ನಿದ್ರೆಯಲ್ಲಿಯೂ ತನಗರಿಯದಂತೆ ಹತ್ತಾರು ಬಾರಿ ಮಗ್ಗುಲು ಬದಲಿಸುತ್ತಾನೆ. ಮೈಭಾರದಿಂದ ಒತ್ತಿಹೋದ ಚರ್ಮ ಹಾಗೆಂದು ದೂರುತ್ತದೆ. ಮರಗಟ್ಟಿದ ಚರ್ಮ ದೂರುವುದಿಲ್ಲ, ಸುಮ್ಮನೆ ಹುಣ್ಣಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೪ರಲ್ಲಿ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯ ಗಾಯಾಳು ಸೈನಿಕರಿಗಾಗಿ ಒಂದು ನಿಯಮ ಮಾಡಿದ: ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು. ಸಾಯುವರೆಂದು ಕೈಬಿಟ್ಟಿದ್ದವರು ಬದುಕತೊಡಗಿದರು. ಅಮೋಘವಾದ ಔಷಧದಿಂದಲ್ಲ, ತಪ್ಪದೆ ನಡೆದ ಒಂದು ಸಣ್ಣ ಕೆಲಸದಿಂದ.

ಮೇರಿಯ ಬಾಳೂ ಇಂಥ ಸಣ್ಣ ಕೆಲಸಗಳ ಮೊತ್ತವಾಯಿತು. ಆಕೆಗಾಗಿ ಪ್ರಾರ್ಥಿಸಿದವರು ಅನೇಕರು. ಬಂಧುಗಳು ಪ್ರಾರ್ಥಿಸಿದರು, ಸಹಪಾಠಿಗಳು ಪ್ರಾರ್ಥಿಸಿದರು, ಆಕೆಯೂ ಪ್ರಾರ್ಥಿಸಿದಳು. ಕಾಲುಗಳು ಮರಳಲಿಲ್ಲ. ಇಲ್ಲಿ ಮಾತನ್ನು ಮೃದುಮಾಡಿ ಫಲವಿಲ್ಲ. ಕ್ರೈಸ್ತಧರ್ಮದ ಮಹಾಪುರುಷನಾದ ಸಂತ ಪೌಲನೇ ತನ್ನ ಮೈಯಲ್ಲಿ ಚುಚ್ಚುತ್ತಿದ್ದ ಮುಳ್ಳೊಂದನ್ನು ತೆಗೆಯೆಂದು ಮೂರು ಬಾರಿ ಬೇಡಿಕೊಂಡನೆಂದೂ ಅದು ತೆಗೆಯಲ್ಪಡಲಿಲ್ಲವೆಂದೂ ಬೈಬಲಿನ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ. ಯೇಸುವೇ ಸೆರೆಯಾಗುವ ಇರುಳು ಗೆತ್ಸೆಮನೆಯ ತೋಟದಲ್ಲಿ, ಬರಲಿರುವ ಪಾಡು ತಪ್ಪಲೆಂದು ಪ್ರಾರ್ಥಿಸಿದ, ಅದು ತಪ್ಪಲಿಲ್ಲ. ಬೇಡಿದ್ದೆಲ್ಲ ದೊರೆಯುವುದೇ ನಂಬಿಕೆಯ ಫಲವಾಗಿದ್ದರೆ ಈ ಎರಡು ಪ್ರಸಂಗಗಳನ್ನು ಆ ಗ್ರಂಥವು ಮುಚ್ಚಿಡಬೇಕಾಗಿತ್ತು. ಮುಚ್ಚಿಟ್ಟಿಲ್ಲ.

ಅಪಘಾತವಾಗಿ ಕೆಲವು ತಿಂಗಳು ಕಳೆದ ಮೇಲೆ ಪಾಲ್ ಬ್ರಾಂಡ್ ಆಕೆಯ ಮುಂದೆ ಹೊಸದೊಂದು ಯೋಚನೆಯನ್ನಿಟ್ಟ. ಹೆರಿಗೆಯ ಕೋಣೆಯಲ್ಲಿ ವೈದ್ಯೆ ನಿಲ್ಲಬೇಕು, ಓಡಾಡಬೇಕು. ಆ ಬಾಗಿಲು ಮುಚ್ಚಿತು. ಆದರೆ ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡುತ್ತಾರೆ. ಅದಕ್ಕೆ ಬೇಕಾದುದು ಎರಡು ಕೈಗಳು ಮತ್ತು ಒಂದು ಬುದ್ಧಿ. ಅವೆರಡೂ ಆಕೆಯಲ್ಲಿ ಕೆಡದೆ ಉಳಿದಿದ್ದವು.

ಆ ಮಾತು ಕಿವಿಗೆ ಬಿದ್ದ ಮರುದಿನವೇ ಆಕೆ ಎದ್ದು ಕುಳಿತಳೆಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ, ನಿಜವಾಗುವುದಿಲ್ಲ. ನೆಟ್ಟಗೆ ಕುಳಿತುಕೊಳ್ಳುವಂತಾಗಲು ಬೆನ್ನೆಲುಬಿಗೆ ಶಸ್ತ್ರಚಿಕಿತ್ಸೆಗಳಾಗಬೇಕಾಯಿತು, ತಿಂಗಳುಗಟ್ಟಲೆ ಮಲಗಿರಬೇಕಾಯಿತು. ಆಮೇಲೆ ಮಗುವಿನಂತೆ ಒಂದೊಂದನ್ನೂ ಕಲಿಯಬೇಕಾಯಿತು: ಹಾಸಿಗೆಯಿಂದ ಕುರ್ಚಿಗೆ ಜರುಗುವುದು, ಗಾಲಿಕುರ್ಚಿಯನ್ನು ಬಾಗಿಲಿನ ಸಂದಿಯಲ್ಲಿ ತಿರುಗಿಸುವುದು, ಸ್ಪರ್ಶವರಿಯದ ಕಾಲಿಗೆ ಎಲ್ಲಿ ಪೆಟ್ಟಾಗಿದೆಯೆಂದು ಕಣ್ಣಿನಿಂದ ಹುಡುಕುವುದು. ಕೊನೆಗೊಂದು ದಿನ ಆಕೆ ಗಾಲಿಕುರ್ಚಿಯಲ್ಲಿ ಕುಳಿತು ಕುಷ್ಠರೋಗಿಯೊಬ್ಬನ ಕೈಯನ್ನು ತನ್ನ ಮುಂದಿರಿಸಿಕೊಂಡಳು.

ಆ ಶಸ್ತ್ರಚಿಕಿತ್ಸೆಯ ಮರ್ಮವನ್ನು ಕೇಳಬೇಕು. ರೋಗದಿಂದ ಕೆಲವು ನರಗಳು ಕೆಟ್ಟು ಬೆರಳುಗಳು ಮಡಚಿಕೊಂಡಿರುತ್ತವೆ. ಆದರೆ ಮುಂಗೈಯಲ್ಲಿ ಕೆಲವು ಸ್ನಾಯುಗಳು ಸುಸ್ಥಿತಿಯಲ್ಲಿಯೇ ಇರುತ್ತವೆ. ಶಸ್ತ್ರವೈದ್ಯೆ ಅಂಥ ಒಂದು ಸ್ನಾಯುವಿನ ಹುರಿಯನ್ನು ಅದರ ಹಳೆಯ ನೆಲೆಯಿಂದ ಬಿಡಿಸಿ, ಹೊಸ ದಾರಿಯಲ್ಲಿ ಒಯ್ದು, ಬೆರಳುಗಳಿಗೆ ಕಟ್ಟುತ್ತಾಳೆ. ಕೆಲವು ವಾರ ಪ್ಲಾಸ್ಟರಿನಲ್ಲಿದ್ದ ಮೇಲೆ ರೋಗಿ ಆ ಸ್ನಾಯುವಿಗೆ ಹೊಸ ಕೆಲಸವನ್ನು ಕಲಿಸಬೇಕು. ಹಿಂದೆ ಬೇರೆ ಚಲನೆಗೆ ಒದಗುತ್ತಿದ್ದುದು ಈಗ ಅನ್ನದ ತುತ್ತನ್ನು ಹಿಡಿಯಲು ಒದಗಬೇಕು. ಕಳೆದದ್ದನ್ನು ಹಿಂದಕ್ಕೆ ತರುವ ಚಿಕಿತ್ಸೆ ಇದಲ್ಲ. ಉಳಿದದ್ದಕ್ಕೆ ಹೊಸ ದಾರಿಯನ್ನು ತೋರಿಸುವ ಚಿಕಿತ್ಸೆ. ಸತ್ತ ನರ ಸತ್ತೇ ಇರುತ್ತದೆ. ಕೈ ಮಾತ್ರ ತೆರೆದುಕೊಳ್ಳುತ್ತದೆ.

ವೈದ್ಯೆಯ ಬಾಳಿಗೆ ಆದದ್ದೂ ಇದೇ ಅಲ್ಲವೆ? ಪ್ರಸೂತಿಯ ಕಡೆಗೆ ಹರಿಯುತ್ತಿದ್ದ ಶಕ್ತಿಯನ್ನು ಬಿಡಿಸಿ ಬೇರೊಂದು ಕೆಲಸಕ್ಕೆ ಕಟ್ಟಲಾಯಿತು. ಕುಷ್ಠರೋಗಿಗಳು ಆಕೆಯನ್ನು ಕಂಡಾಗ ಅವರ ಮುಖ ಬದಲಾಗುತ್ತಿತ್ತೆಂದು ಬ್ರಾಂಡ್ ನೆನೆದಿದ್ದಾನೆ. ತಮ್ಮ ಕಾಲುಗಳಾದರೂ ನಡೆಯುತ್ತವೆ. ಈ ಡಾಕ್ಟರಮ್ಮನವು ಅಷ್ಟನ್ನೂ ಮಾಡವು. ಆದರೂ ಈಕೆ ಬಂದು ತಮ್ಮ ಕೈಗಳನ್ನು ಸರಿಪಡಿಸುತ್ತಿದ್ದಾಳೆ! ಸ್ಪರ್ಶವರಿಯದ ಕೈಯ ರೋಗಿ, ಸ್ಪರ್ಶವರಿಯದ ಕಾಲಿನ ವೈದ್ಯೆ. ನೋವಿನ ಕಾವಲು ತಪ್ಪಿದ ಮೇಲೆ ಕಣ್ಣಿನ ಕಾವಲಿನಿಂದ ಬಾಳುವುದು ಹೇಗೆಂಬುದನ್ನು ಇಬ್ಬರೂ ದಿನದಿನವೂ ಕಲಿಯುತ್ತಿದ್ದರು.

ಮುಂದೆ ಆಕೆ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಚಿಕಿತ್ಸೆ ಪಡೆದಳು. ಬಳಿಕ ನ್ಯೂಯಾರ್ಕಿನಲ್ಲಿ ಹೋವರ್ಡ್ ರಸ್ಕ್ ಎಂಬ ಪ್ರಸಿದ್ಧ ವೈದ್ಯನ ಸಂಸ್ಥೆಯಲ್ಲಿ, ಅಂಗಶಕ್ತಿ ಕಳೆದುಕೊಂಡವರನ್ನು ಮತ್ತೆ ಬಾಳಿಗೆ ಅಣಿಗೊಳಿಸುವ ಶಾಸ್ತ್ರವನ್ನು ಕಲಿತು ಬಂದಳು. ವೆಲ್ಲೂರಿನ ಪುನಶ್ಚೇತನ ವಿಭಾಗದ ಹೊಣೆ ೧೯೬೩ರಲ್ಲಿ ಆಕೆಯ ಪಾಲಿಗೆ ಬಂದಿತು. ೧೯೬೬ರಲ್ಲಿ ಅಂಥ ರೋಗಿಗಳು ತಂಗಿದ್ದು ಕಲಿಯುವ ಪ್ರತ್ಯೇಕ ಪುನಶ್ಚೇತನ ಕೇಂದ್ರವೊಂದು ತಲೆಯೆತ್ತಿತು. ೧೯೭೨ರಲ್ಲಿ ಭಾರತ ಸರ್ಕಾರ ಆಕೆಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ೧೯೮೬ರಲ್ಲಿ ಆಕೆ ತೀರಿಕೊಂಡಳು. ಅಪಘಾತವಾದಂದಿನಿಂದ ಎಣಿಸಿದರೆ ಮೂವತ್ತೆರಡು ವರ್ಷ. ಎರಡು ಗಂಟೆಗಳ ಲೆಕ್ಕದಲ್ಲಿ ಎಣಿಸಿದರೆ ಲಕ್ಷಕ್ಕೂ ಮೀರಿದ ಕಾವಲುಗಳು.

ಆಕೆಗೆ ಓದಿತ್ತು, ನೆರವಾಗಬಲ್ಲ ಮನೆತನವಿತ್ತು, ಸುತ್ತ ವೈದ್ಯರೇ ಇದ್ದರು. ತೆಂಗಿನ ಮರದಿಂದ ಬಿದ್ದು ಬೆನ್ನು ಮುರಿದುಕೊಂಡ ಕೂಲಿಯವನಿಗೆ ಏನಿದೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಪ್ರಶ್ನೆಗೆ ದೊರೆತ ಉತ್ತರವೇ ಆ ಕೇಂದ್ರ. ತನಗೆ ದೊರೆತ ಅನುಕೂಲ ಅನುಗ್ರಹವಾಗಬೇಕಾದರೆ ಅದು ತನ್ನಲ್ಲಿಯೇ ನಿಲ್ಲಬಾರದು. ಇಲ್ಲದವನ ಕಡೆಗೆ ಹರಿಯಬೇಕು.

ಇಷ್ಟೂ ಆಸ್ಪತ್ರೆಯ ಮಾತಾಯಿತು. ಆದರೆ ಮರಗಟ್ಟುವುದು ಕೈಕಾಲುಗಳು ಮಾತ್ರವೇ ಅಲ್ಲ, ಮನಸ್ಸೂ ಮರಗಟ್ಟುತ್ತದೆ. ನಗರದ ನಡುತರಗತಿಯ ಕ್ರೈಸ್ತ ಗೃಹಸ್ಥನೊಬ್ಬನನ್ನು ನೆನೆದುಕೊಳ್ಳಿ. ಎಳೆಯ ವಯಸ್ಸಿನಲ್ಲಿ ಕ್ರಿಸ್‌ಮಸ್ ರಾತ್ರಿಯ ಹಾಡು ಕೇಳಿ ಮೈ ನವಿರೇಳುತ್ತಿತ್ತು. ತಾಯಿ ಮೊಣಕಾಲೂರಿ ಪ್ರಾರ್ಥಿಸುವುದನ್ನು ಕಂಡು ಕಣ್ಣು ತುಂಬುತ್ತಿತ್ತು. ಈಗ ಮಗಳ ಕಾಲೇಜಿನ ಶುಲ್ಕ, ಮನೆಯ ಸಾಲದ ಕಂತು, ಅದೇ ತಾಯಿ ಮಂಚ ಹಿಡಿದು ಮಲಗಿದ ಎರಡನೆಯ ವರ್ಷ. ಭಾನುವಾರ ದೇವಾಲಯದಲ್ಲಿ ಎಲ್ಲರೊಡನೆ ನಿಂತು ಹಾಡುತ್ತಾನೆ, ಆದರೆ ಒಳಗೆ ಏನೂ ಅಲುಗುವುದಿಲ್ಲ. ತನ್ನ ನಂಬಿಕೆ ಸತ್ತಿತೇ ಎಂದು ಅಂಜುತ್ತಾನೆ. ಹೆಂಡತಿಯ ಮುಂದೆಯೂ ಆಡಲಾರನು. ಈ ಅನುಭವ ಕ್ರೈಸ್ತರಿಗೆ ಮಾತ್ರ ಮೀಸಲಾದದ್ದಲ್ಲ. ದೇವರ ಮನೆಯಲ್ಲಿ ದೀಪ ಹಚ್ಚುವ ಕೈ ಯಂತ್ರದಂತಾಗುವ ದಿನಗಳು ಎಲ್ಲ ಮತದವರ ಬಾಳಿನಲ್ಲಿಯೂ ಬರುತ್ತವೆ.

ಅಂಥವನಿಗೆ ಮದರ್ ತೆರೇಸಾ ಅವರ ಬಾಳು ಒಂದು ಆಧಾರವಾಗಬಲ್ಲದು. ೧೯೫೦ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಸಂಘವನ್ನು ಸ್ಥಾಪಿಸಿ, ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿ ತಂದು ತೊಳೆದ ಆ ತಾಯಿಯ ಮುಖದ ನಗೆಯನ್ನು ಜಗತ್ತೆಲ್ಲ ಕಂಡಿತ್ತು. ದೇವರು ಆಕೆಯೊಡನೆ ಪ್ರತಿದಿನ ಮಾತನಾಡುತ್ತಿದ್ದಿರಬೇಕೆಂದು ಎಲ್ಲರೂ ಭಾವಿಸಿದ್ದರು. ಆಕೆ ೧೯೯೭ರಲ್ಲಿ ತೀರಿಕೊಂಡರು. ಆಕೆ ತಮ್ಮ ಧರ್ಮಗುರುಗಳಿಗೆ ಬರೆದಿದ್ದ ಪತ್ರಗಳು ೨೦೦೭ರಲ್ಲಿ ಪುಸ್ತಕವಾಗಿ ಹೊರಬಂದಾಗ ಓದಿದವರು ಬೆಚ್ಚಿದರು. ಬಡವರ ಸೇವೆಗೆ ಇಳಿದ ಹೊಸದರಲ್ಲಿಯೇ ತೊಡಗಿ ಹಲವು ದಶಕಗಳ ಕಾಲ ಆಕೆಗೆ ದೇವರ ಸಾನ್ನಿಧ್ಯದ ಅನುಭವವೇ ಆಗಿರಲಿಲ್ಲ. ಒಳಗೆ ಕತ್ತಲೆ, ಮೌನ. ಆದರೂ ಮುಂಜಾನೆ ಎದ್ದು ಪ್ರಾರ್ಥಿಸುವುದು ತಪ್ಪಲಿಲ್ಲ. ಹುಣ್ಣು ತೊಳೆಯುವುದು ತಪ್ಪಲಿಲ್ಲ.

‘ಅನುಭವವಿಲ್ಲದ ಭಕ್ತಿ ಬೂಟಾಟಿಕೆಯಲ್ಲವೆ?’ ಎಂದು ಕೆಲವರು ಆಗ ಕೇಳಿದರು. ಇದಕ್ಕೆ ವೆಲ್ಲೂರಿನ ರೋಗಿಗಳೇ ಉತ್ತರ ಹೇಳಬಲ್ಲರು. ತನಗೆ ತಿಳಿಯದ ಕಾಲು ತನ್ನದಲ್ಲವೆಂದು ಅವರು ಅದನ್ನು ಮುಳ್ಳಿಗೂ ಬೆಂಕಿಗೂ ಬಿಟ್ಟುಕೊಡುವುದಿಲ್ಲ. ಅದು ತಿಳಿಯದಿದ್ದರೂ ತನ್ನದೇ. ಅದರಲ್ಲಿ ರಕ್ತ ಹರಿಯುತ್ತಲೇ ಇದೆ. ಗಾಯವಾದರೆ ಮಾಯುತ್ತದೆ, ಕಾಪಾಡಿದರೆ ನಡೆಯುತ್ತದೆ. ಬೂಟಾಟಿಕೆಯವನು ಇಲ್ಲದ್ದನ್ನು ಇದೆಯೆಂದು ಜನರಿಗೆ ತೋರಿಸುತ್ತಾನೆ. ಇವನು ಯಾರಿಗೂ ಏನನ್ನೂ ತೋರಿಸುತ್ತಿಲ್ಲ. ಮನೆಯ ಮೂಲೆಯಲ್ಲಿ ಕುಳಿತು ತನ್ನದನ್ನು ಕಾಯುತ್ತಿದ್ದಾನೆ. ನಂಬಿಕೆಗೂ ನವಿರೇಳುವಿಕೆಗೂ ಇರುವ ಅಂತರ ರಕ್ತಕ್ಕೂ ಸ್ಪರ್ಶಕ್ಕೂ ಇರುವ ಅಂತರವೇ. ಸ್ಪರ್ಶವಿರುವುದು ಭಾಗ್ಯ, ಅದು ಹೋದಾಗ ದುಃಖಿಸುವುದೂ ಸಹಜ. ಆದರೆ ಅದು ಹೋಯಿತೆಂದು ಕಾಲನ್ನೇ ಕಡಿದೊಗೆಯುವುದು ವಿವೇಕವಲ್ಲ.

ಕಾಯುವ ಕೆಲಸವನ್ನಾದರೂ ಒಬ್ಬನೇ ಮಾಡಿಕೊಳ್ಳಲಾದೀತೆ? ಬೆನ್ನುಹುರಿ ಮುರಿದವನು ಮೊದಲ ದಿನಗಳಲ್ಲಿ ತಾನಾಗಿ ಮಗ್ಗುಲು ತಿರುಗಲಾರನು. ನಡುರಾತ್ರಿಯ ಎರಡು ಗಂಟೆಗೆ ಯಾರೋ ಎದ್ದು ಬಂದು ತಿರುಗಿಸಬೇಕು. ಯೇಸುವಿನ ಕಾಲದ ಪ್ರಸಂಗವೊಂದನ್ನು ಮಾರ್ಕನ ಸುವಾರ್ತೆ ಹೇಳುತ್ತದೆ. ಕಪೆರ್ನೌಮೆಂಬ ಊರಿನಲ್ಲಿ ಸ್ವಾಧೀನ ತಪ್ಪಿದವನೊಬ್ಬನನ್ನು ನಾಲ್ವರು ಹೊತ್ತು ತಂದರು. ಯೇಸುವಿದ್ದ ಮನೆಯ ಬಾಗಿಲಿನಲ್ಲಿ ಕಾಲಿಡಲು ಎಡೆಯಿಲ್ಲದಷ್ಟು ಜನ. ಅವರು ಮಾಡಿಗೇರಿ, ಛಾವಣಿಯನ್ನು ಬಿಚ್ಚಿ, ಹಾಸಿಗೆಯೊಡನೆ ಅವನನ್ನು ಕೆಳಕ್ಕೆ ಇಳಿಬಿಟ್ಟರು. ಯೇಸು ಕಂಡು ಮೆಚ್ಚಿದ್ದು ‘ಅವರ’ ನಂಬಿಕೆಯನ್ನೆಂದು ಕಥೆ ಹೇಳುತ್ತದೆ. ಮಲಗಿದ್ದವನ ನಂಬಿಕೆಯ ವಿಚಾರವಾಗಿ ಅಲ್ಲಿ ಬೇರೆ ಮಾತಿಲ್ಲ. ಅವನು ನಂಬಿದ್ದನೋ, ಬೇಸತ್ತಿದ್ದನೋ, ‘ನನ್ನನ್ನು ಸುಮ್ಮನೆ ಬಿಡಿ’ ಎಂದು ದಾರಿಯುದ್ದಕ್ಕೂ ಗೊಣಗಿದ್ದನೋ! ಹೊತ್ತವರು ಬಿಡಲಿಲ್ಲ.

ಧೈರ್ಯ ಹೇಳುವುದೆಂದರೆ ಸಾಮಾನ್ಯವಾಗಿ ಮಾತು ಹೇಳುವುದೆಂದೇ ತಿಳುವಳಿಕೆ. ‘ದೇವರಿದ್ದಾನೆ, ಎಲ್ಲ ಒಳ್ಳೆಯದಾಗುತ್ತದೆ’ ಎಂದು ಹೇಳಿ ಕಾಫಿ ಕುಡಿದು ಎದ್ದು ಹೋಗುವ ನೆಂಟರು ಎಲ್ಲ ಮನೆಗಳಿಗೂ ಬರುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಅದರಿಂದ ಹಾಸಿಗೆಹುಣ್ಣು ತಪ್ಪುವುದಿಲ್ಲ. ಮಂಚ ಹಿಡಿದ ತಾಯಿಯನ್ನು ಒಂದು ರಾತ್ರಿ ತಾನು ನೋಡಿಕೊಳ್ಳುವೆನೆಂದು ಬಂದು, ಆ ಮನೆಯ ಗೃಹಿಣಿಗೆ ಆರು ಗಂಟೆಗಳ ನಿದ್ರೆಯನ್ನು ದಾನಮಾಡಿದವಳು ಛಾವಣಿಯನ್ನು ಬಿಚ್ಚಿದ ನಾಲ್ವರ ಸಾಲಿಗೆ ಸೇರುತ್ತಾಳೆ. ತನ್ನ ಪ್ರಾರ್ಥನೆಗೆ ಮಾತೇ ಹುಟ್ಟದಿರುವ ದಿನಗಳಲ್ಲಿ ನೆರೆಯವರ ಪ್ರಾರ್ಥನೆಗೆ ‘ಆಮೆನ್’ ಎನ್ನುವವನೂ ಹೊತ್ತುಕೊಂಡು ಹೋಗಲ್ಪಡುತ್ತಿರುವವನೇ. ಅದರಲ್ಲಿ ನಾಚಿಕೆಯೇನಿಲ್ಲ. ನಾಳೆ ಅವನು ಮತ್ತೊಬ್ಬನ ಹಾಸಿಗೆಯ ಒಂದು ಮೂಲೆಯನ್ನು ಹಿಡಿಯಬೇಕಾದೀತು.

ನಂಬಿಕೆ ಬಿಸಿಯಾಗಿದ್ದಾಗ ಅದನ್ನು ಕಾಯುವ ಯೋಚನೆ ಯಾರಿಗೂ ಹುಟ್ಟುವುದಿಲ್ಲ. ಅದು ಮರಗಟ್ಟಿದೆಯೆಂದು ತೋರಿದ ದಿನವೇ ಕಾವಲು ತೊಡಗಬೇಕು. ದೊಡ್ಡ ವ್ರತಗಳು ಬೇಡ. ಹೊತ್ತಿಗೆ ಸರಿಯಾಗಿ ಒಂದು ಅಧ್ಯಾಯದ ಓದು, ಅರ್ಥವಾಗದಿದ್ದರೂ ಸರಿ. ಮಲಗುವ ಮುನ್ನ ದಿನದ ನಡೆಯನ್ನು ಅಂಗಾಲಿನಂತೆ ತಿರುಗಿಸಿ ಒಂದು ನೋಟ: ಇಂದು ಯಾರಿಗೆ ನೋವಾಯಿತು? ತನಗರಿಯದಂತೆ ಎಲ್ಲಿ ಮುಳ್ಳು ಹೊಕ್ಕಿತು? ಮಗನೊಡನೆ ಆಡಿದ ಒರಟು ಮಾತು, ತಮ್ಮನಿಗೆ ಬರೆಯದೆ ಉಳಿಸಿದ ಕಾಗದ, ಕೆಲಸದವಳಿಗೆ ಕೊಡದೆ ಮರೆತ ಸಂಬಳ. ಕೆಂಪಾದ ಎಡೆಯನ್ನು ಅಂದೇ ಕಂಡರೆ ಎಣ್ಣೆ ಸಾಕು, ಬಿಟ್ಟರೆ ಹುಣ್ಣಾಗುತ್ತದೆ.

ಹೀಗೆ ಕಾದವರಿಗೆಲ್ಲ ಕಳೆದ ಸ್ಪರ್ಶ ಮರಳಿ ಬರುವುದೆಂದು ಭರವಸೆ ಕೊಡಲು ಬಾರದು. ಮೇರಿ ವರ್ಗೀಸಳ ಕಾಲುಗಳಿಗೆ ಅದು ಮರಳಲಿಲ್ಲ. ಆದರೆ ಆ ಕಾಲುಗಳು ಆಕೆಯನ್ನು ಕೊಲ್ಲಲೂ ಇಲ್ಲ. ಮೂವತ್ತೆರಡು ವರ್ಷಗಳ ಕಾಲ ಅವು ಆಕೆಯೊಡನೆ ಇದ್ದವು. ಆಕೆ ಅವನ್ನು ಕಾದಳು. ಆಕೆಯ ಕೈಗಳು ಇತರರ ಕೈಗಳನ್ನು ತೆರೆದವು.

ಸಂಜೆಯ ಹೊತ್ತು ದೀಪದ ಬಳಿ ಕುಳಿತ ಮುದುಕನೊಬ್ಬ ಬಟ್ಟಲಿನ ನೀರಿನಿಂದ ಕಾಲನ್ನು ಎತ್ತಿ ಒರೆಸಿಕೊಳ್ಳುತ್ತಾನೆ. ಅಂಗಾಲನ್ನು ಬೆಳಕಿಗೆ ತಿರುಗಿಸಿ, ಹಿಮ್ಮಡಿಯಿಂದ ಬೆರಳಿನವರೆಗೆ ನಿಧಾನವಾಗಿ ನೋಡುತ್ತಾನೆ. ನೀರು ಬೆಚ್ಚಗಿತ್ತೋ ತಣ್ಣಗಿತ್ತೋ ಆ ಕಾಲಿಗೆ ತಿಳಿಯದು. ಎಲ್ಲಿಯೂ ಗಾಯವಿಲ್ಲ. ತುಸು ಎಣ್ಣೆ ಸವರಿ, ದೀಪವನ್ನು ಆರಿಸಿ ಮಲಗುತ್ತಾನೆ. ಬೆಳಗಾದರೆ ಆ ಕಾಲಿನಿಂದಲೇ ನಡೆಯಬೇಕು.